ವೇಲ್ಸ್‌ನ ನಮಸ್ಕಾರ: ಮೊದಲ ಮಾತು ಯಾವ ಭಾಷೆಯಲ್ಲಿ?



ಇಬ್ಬರು ಎದುರಾದಾಗ ಆಡುವ ಮೊದಲ ಮಾತಿಗೆ ಹೆಚ್ಚಿನ ಅರ್ಥವೇನೂ ಇಲ್ಲ ಎಂಬುದು ಸಾಮಾನ್ಯ ತಿಳಿವಳಿಕೆ. ‘ಚೆನ್ನಾಗಿದ್ದೀರಾ?’ ಎಂದು ಕೇಳಿದವರಿಗೆ ಎದುರಿನವರ ರಕ್ತದೊತ್ತಡದ ವಿವರ ಬೇಕಿರುವುದಿಲ್ಲ. ‘ಊಟ ಆಯ್ತಾ?’ ಎಂದವರೆಲ್ಲ ಎಲೆ ಹಾಕುತ್ತಾರೆಂದೂ ಅಲ್ಲ. ಮಾತಿಗೆ ಬಾಗಿಲು ತೆರೆಯುವುದಷ್ಟೇ ಈ ನುಡಿಗಳ ಕೆಲಸ. ಆದರೆ ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಓಡಾಡುವ ನಾಡಿನಲ್ಲಿ ಇವಕ್ಕೆ ಇನ್ನೊಂದು ಕೆಲಸವೂ ಇರುತ್ತದೆ. ಮುಂದಿನ ಮಾತೆಲ್ಲ ಯಾವ ಭಾಷೆಯಲ್ಲಿ ನಡೆಯಬೇಕು ಎಂಬುದನ್ನು ಮೊದಲ ಒಂದೆರಡು ಪದಗಳೇ ಗೊತ್ತುಮಾಡಿಬಿಡುತ್ತವೆ. ಈ ಸಂಗತಿಯನ್ನು ಚೆನ್ನಾಗಿ ಬಲ್ಲವರು ಬ್ರಿಟನ್ನಿನ ಪಶ್ಚಿಮ ಅಂಚಿನ ಪುಟ್ಟ ನಾಡಾದ ವೇಲ್ಸ್‌ನ ಜನ.

ವೇಲ್ಸ್ ವಿಸ್ತೀರ್ಣದಲ್ಲಿ ಕರ್ನಾಟಕದ ಒಂಬತ್ತನೇ ಒಂದು ಭಾಗದಷ್ಟಿದೆ. 2021ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 31 ಲಕ್ಷ. ಅವರಲ್ಲಿ ವೆಲ್ಶ್ ಭಾಷೆ ಆಡಬಲ್ಲವರು 5.38 ಲಕ್ಷ ಮಂದಿ, ಅಂದರೆ ಮೂರು ವರ್ಷ ಮತ್ತು ಅದಕ್ಕೂ ಮೇಲಿನ ವಯಸ್ಸಿನವರಲ್ಲಿ ಶೇಕಡಾ 17.8. ಇವರಲ್ಲಿ ಎಲ್ಲರಿಗೂ ಎಂಬಷ್ಟು ಇಂಗ್ಲಿಷ್ ಬರುತ್ತದೆ. ಆದ್ದರಿಂದ ಅಲ್ಲಿ ವೆಲ್ಶ್ ಆಡುವುದು ಅನಿವಾರ್ಯವಲ್ಲ, ಪ್ರತಿ ಬಾರಿಯೂ ಅದೊಂದು ಆಯ್ಕೆ. ಅಂಗಡಿಯಲ್ಲಿ ಅಪರಿಚಿತರಿಬ್ಬರು ಸಂಧಿಸುತ್ತಾರೆ. ಇಬ್ಬರಿಗೂ ವೆಲ್ಶ್ ಬರುತ್ತದೆ, ಆದರೆ ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಎದುರಿನವರಿಗೆ ತೊಂದರೆ ಬೇಡವೆಂಬ ಸೌಜನ್ಯದಿಂದ ಇಬ್ಬರೂ ಇಂಗ್ಲಿಷಿನಲ್ಲಿ ‘ಹಲೋ’ ಎನ್ನುತ್ತಾರೆ. ವ್ಯಾಪಾರ ಮುಗಿಯುತ್ತದೆ. ಇಬ್ಬರ ಮನೆಮಾತೂ ಆ ಅಂಗಡಿಯಲ್ಲಿ ಹುಟ್ಟದೇ ಹೋಗುತ್ತದೆ. ಒಂದು ಭಾಷೆ ಬಳಕೆಯಿಂದ ಜಾರುವುದು ಹೀಗೆಯೇ, ಯಾರ ದ್ವೇಷವೂ ಇಲ್ಲದೆ.

ಹಾಗಾದರೆ ಆ ಜನ ತಮ್ಮ ಭಾಷೆಯಲ್ಲಿ ಏನೆಂದು ನಮಸ್ಕರಿಸುತ್ತಾರೆ? ಬೆಳಗಾದರೆ ‘ಬೊರೆ ದಾ’. ಬೊರೆ ಎಂದರೆ ಬೆಳಗು, ದಾ ಎಂದರೆ ಒಳ್ಳೆಯದು. ವೆಲ್ಶ್‌ನಲ್ಲಿ ಗುಣವಾಚಕ ಸಾಮಾನ್ಯವಾಗಿ ನಾಮಪದದ ಹಿಂದೆ ಬರುತ್ತದೆ. ಹಾಗಾಗಿ ಪದಶಃ ಇದು ‘ಬೆಳಗು ಒಳ್ಳೆಯ’. ಮಧ್ಯಾಹ್ನದ ನಂತರ ‘ಪ್ರನ್‌ಹೌನ್ ದಾ’. ಈ ಪದದ ಮೊದಲ ಭಾಗಕ್ಕೆ ‘ಹೊತ್ತು’ ಎಂದರ್ಥ. ಎರಡನೆಯ ಭಾಗದ ಮೂಲ ಲ್ಯಾಟಿನ್ನಿನ ‘ನೋನಾ’, ಅಂದರೆ ಒಂಬತ್ತನೆಯ ತಾಸು. ರೋಮನ್ನರು ಸೂರ್ಯೋದಯದಿಂದ ಎಣಿಸುತ್ತಿದ್ದ ಒಂಬತ್ತನೆಯ ತಾಸು ಈಗಿನ ಲೆಕ್ಕದಲ್ಲಿ ಮಧ್ಯಾಹ್ನ ಮೂರರ ಸುಮಾರು. ರೋಮನ್ನರು ಬ್ರಿಟನ್ ಬಿಟ್ಟು ಹದಿನಾರು ಶತಮಾನಗಳಾದರೂ ಅವರ ಗಡಿಯಾರ ಈ ನಮಸ್ಕಾರದಲ್ಲಿ ಉಳಿದಿದೆ!

ಸಂಜೆ ‘ನೊಸ್‌ವೈಥ್ ಧಾ’. ಇಲ್ಲಿ ‘ದಾ’ ಇದ್ದದ್ದು ‘ಧಾ’ ಆಯಿತು. ನಿಜವಾಗಿ ಅದು ನಮ್ಮ ಮಹಾಪ್ರಾಣವಲ್ಲ, ಇಂಗ್ಲಿಷಿನ ‘ದಿಸ್’, ‘ದಟ್’ ಪದಗಳ ಮೊದಲ ಧ್ವನಿ. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ ಕಾರಣ ‘ಧಾ’ ಎಂದು ಬರೆಯಬೇಕಾಗಿದೆ. ಹೀಗೆ ಬದಲಾಗಲು ಕಾರಣ, ಸಂಜೆ ಎಂಬ ಪದ ವೆಲ್ಶ್‌ನಲ್ಲಿ ಸ್ತ್ರೀಲಿಂಗ. ಸ್ತ್ರೀಲಿಂಗದ ನಾಮಪದದ ಹಿಂದೆ ಬರುವ ಗುಣವಾಚಕದ ಮೊದಲ ವ್ಯಂಜನ ಮೆದುವಾಗುತ್ತದೆ. ರಾತ್ರಿ ಬೀಳ್ಕೊಡುವಾಗ ಹೇಳುವ ‘ನೋಸ್ ದಾ’ ಮಾತ್ರ ಇದಕ್ಕೆ ಅಪವಾದ. ‘ನೋಸ್’ ಸ್ತ್ರೀಲಿಂಗವಾದರೂ ಅಲ್ಲಿ ‘ದಾ’ ಹಾಗೆಯೇ ಉಳಿದಿದೆ.

ವ್ಯಂಜನ ಹೀಗೆ ಮೆದುವಾಗುವುದು ಇಂಗ್ಲಿಷ್ ಬಲ್ಲವರಿಗೆ ದೊಡ್ಡ ತಲೆನೋವು. ಕನ್ನಡಿಗರಿಗೆ ಅಷ್ಟೊಂದು ಅಪರಿಚಿತವಲ್ಲ. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿದರೆ ಬೆಟ್ಟದಾವರೆ, ಕಣ್ಣು ಮತ್ತು ಪನಿ ಸೇರಿದರೆ ಕಂಬನಿ. ಕ, ತ, ಪಗಳಿಗೆ ಗ, ದ, ಬಗಳು ಆದೇಶವಾಗಿ ಬರುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರ ನೆನಪಿರಬಹುದು. ವೆಲ್ಶ್‌ನಲ್ಲೂ ಕ, ತ, ಪಗಳು ಗ, ದ, ಬಗಳಾಗುತ್ತವೆ. ಮ ಎಂಬುದು ವ ಆಗುತ್ತದೆ, ಹಳಗನ್ನಡದ ವ್ಯಾಕರಣದಲ್ಲಿ ಇರುವಂತೆಯೇ. ಎರಡು ಭಾಷೆಗಳಿಗೂ ಬಳ್ಳಿ ಸಂಬಂಧವಿಲ್ಲ. ನಾಲಿಗೆಯ ಸ್ವಭಾವ ಎರಡು ಕಡೆ ಒಂದೇ ದಾರಿ ಹಿಡಿದಿದೆ, ಅಷ್ಟೆ. ಆದರೆ ಒಂದು ವ್ಯತ್ಯಾಸವಿದೆ. ಕನ್ನಡದಲ್ಲಿ ಇದು ಮುಖ್ಯವಾಗಿ ಸಮಾಸ ಮಾಡುವಾಗಿನ ಮಾತು. ವೆಲ್ಶ್‌ನಲ್ಲಿ ಲಿಂಗ, ವಿಭಕ್ತಿಯಂಥ ಸಣ್ಣ ಪದಗಳು ಮುಂತಾದ ಹತ್ತಾರು ಕಾರಣಗಳಿಗೆ ಇದು ನಡೆಯುತ್ತಲೇ ಇರುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ವೇಲ್ಸ್ ಗಡಿಯ ಹೆದ್ದಾರಿಗಳಲ್ಲಿ ನಿಂತಿರುವ ಸ್ವಾಗತ ಫಲಕ: ‘ಕ್ರೋಯ್ಸೋ ಇ ಗಮ್ರಿ’. ಕ್ರೋಯ್ಸೋ ಎಂದರೆ ಸ್ವಾಗತ, ‘ಇ’ ಎಂದರೆ ‘ಗೆ’. ನಾಡಿನ ಹೆಸರು ‘ಕಮ್ರಿ’, ಆದರೆ ‘ಇ’ ಬಂದ ಕಾರಣ ಅದು ‘ಗಮ್ರಿ’ ಆಗಿದೆ. ಸ್ವಂತ ನಾಡಿನ ಹೆಸರನ್ನೂ ವ್ಯಾಕರಣ ಬಿಡುವುದಿಲ್ಲ. ಫಲಕದಲ್ಲಿ ಅದರ ಜೊತೆಗಿರುವ ‘ವೇಲ್ಸ್’ ಎಂಬ ಇಂಗ್ಲಿಷ್ ಹೆಸರಿಗೆ ಬೇರೆಯೇ ಕಥೆಯಿದೆ. ಅದು ಪ್ರಾಚೀನ ಜರ್ಮಾನಿಕ್ ಜನ ತಮ್ಮವರಲ್ಲದವರನ್ನು ಕರೆಯಲು ಬಳಸುತ್ತಿದ್ದ ಪದದಿಂದ ಬಂದದ್ದು, ಅರ್ಥ ‘ಪರಕೀಯರು’. ‘ಕಮ್ರಿ’ ಬಂದದ್ದು ‘ಒಂದೇ ನಾಡಿನವರು’ ಎಂಬರ್ಥದ ಹಳೆಯ ಬ್ರಿಟನ್ ಪದದಿಂದ. ಒಂದೇ ಫಲಕ ಒಂದು ಭಾಷೆಯಲ್ಲಿ ‘ನಮ್ಮವರ ನಾಡಿಗೆ ಬನ್ನಿ’ ಎನ್ನುತ್ತದೆ, ಇನ್ನೊಂದರಲ್ಲಿ ‘ಪರಕೀಯರ ನಾಡಿಗೆ ಬನ್ನಿ’ ಎನ್ನುತ್ತದೆ!

ಹೊತ್ತಿನ ಹಂಗಿಲ್ಲದೆ ಬಳಸುವ ಸಲಿಗೆಯ ನಮಸ್ಕಾರವೂ ಇದೆ. ದಕ್ಷಿಣದವರು ‘ಶುಮೈ’ ಎನ್ನುತ್ತಾರೆ, ಉತ್ತರದವರು ‘ಸಿಮೈ’. ಎರಡೂ ‘ಹೇಗಿದೆ?’ ಎಂಬ ಪ್ರಶ್ನೆಯ ಸವೆದ ರೂಪಗಳು. ಧಾರವಾಡದ ಕನ್ನಡಕ್ಕೂ ಮೈಸೂರಿನ ಕನ್ನಡಕ್ಕೂ ಇರುವಂಥ ವ್ಯತ್ಯಾಸ ಇದು. ಬಾಯಿ ತೆರೆದೊಡನೆ ಯಾವ ಸೀಮೆಯವರೆಂಬುದು ಪತ್ತೆ. ಹೇಗಿದ್ದೀರಿ ಎಂದು ಕ್ರಮವಾಗಿ ಕೇಳುವಾಗ ಮಾತ್ರ ಸ್ವಲ್ಪ ಯೋಚಿಸಬೇಕು. ‘ಸಿತ್ ಉಯ್ತ್ ತೀ?’ ಎಂದರೆ ‘ಹೇಗಿದ್ದೀಯ?’. ‘ಸಿತ್ ದೀಖ್ ಖೀ?’ ಎಂದರೆ ‘ಹೇಗಿದ್ದೀರಿ?’. ಇಲ್ಲಿನ ‘ಖ್’ ಗಂಟಲಿನಿಂದ ಉಜ್ಜಿಕೊಂಡು ಬರುವ ಧ್ವನಿ, ‘ಖಾನ್’ ಎಂಬ ಹೆಸರನ್ನು ಉರ್ದು ಬಲ್ಲವರು ಉಚ್ಚರಿಸುವಂತೆ. ‘ತೀ’ ನಮ್ಮ ‘ನೀನು’, ‘ಖೀ’ ನಮ್ಮ ‘ನೀವು’. ಸ್ನೇಹಿತರಿಗೆ, ಮಕ್ಕಳಿಗೆ, ಸಾಕಿದ ನಾಯಿಗೆ ‘ತೀ’. ಹಿರಿಯರಿಗೆ, ಅಪರಿಚಿತರಿಗೆ ‘ಖೀ’. ಹಿಂದಿನ ತಲೆಮಾರಿನ ಅನೇಕ ಮನೆಗಳಲ್ಲಿ ಮಕ್ಕಳು ತಂದೆತಾಯಿಯನ್ನು ‘ಖೀ’ ಎಂದೇ ಕರೆಯುತ್ತಿದ್ದರು. ದೇವರನ್ನು ಮಾತ್ರ ಪ್ರಾರ್ಥನೆಯಲ್ಲಿ ‘ತೀ’ ಎನ್ನುತ್ತಾರೆ. ದೇವರಿಗೆ ಏಕವಚನ ಸಲ್ಲುವುದು ಕನ್ನಡದ ವಚನ, ಕೀರ್ತನೆಗಳನ್ನು ಕೇಳಿದವರಿಗೆ ಹೊಸದೇನಲ್ಲ.

ಕೇಳಿದ್ದಕ್ಕೆ ಉತ್ತರ ‘ದಾ ಯೌನ್, ದಿಯೋಲ್ಖ್’. ಅಂದರೆ ‘ತುಂಬಾ ಚೆನ್ನಾಗಿದ್ದೇನೆ, ಧನ್ಯವಾದ’. ಬೆನ್ನಿಗೇ ಹವಾಮಾನದ ಮಾತು ಬರುತ್ತದೆ. ಅಟ್ಲಾಂಟಿಕ್ ಸಾಗರದ ಮೋಡಗಳು ನೇರವಾಗಿ ಬಂದು ಬಡಿಯುವ ಗುಡ್ಡಗಾಡು ಅದು, ಮಳೆಗೆ ಬರವಿಲ್ಲ. ವೆಲ್ಶ್‌ನಲ್ಲಿ ಮಳೆ ‘ಬೀಳುವುದಿಲ್ಲ’, ಯಾರೋ ಮಳೆಯನ್ನು ‘ಎಸೆಯುತ್ತಾರೆ’. ಜೋರಾದರೆ ಮುದುಕಿಯರನ್ನೂ ಊರುಗೋಲುಗಳನ್ನೂ ಎಸೆಯುತ್ತಿದೆ ಎನ್ನುವುದು ಅವರ ನುಡಿಗಟ್ಟು. ‘ಇವತ್ತು ಚಳಿಯಲ್ಲವೇ?’ ಎಂದರೆ ಉತ್ತರಿಸಲು ವೆಲ್ಶ್‌ನಲ್ಲಿ ಎಲ್ಲ ಕಡೆಗೂ ಒಗ್ಗುವ ‘ಹೌದು’ ಇಲ್ಲ. ಪ್ರಶ್ನೆಯಲ್ಲಿನ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. ‘ಊಟ ಆಯ್ತಾ?’ ಎಂದರೆ ‘ಆಯ್ತು’, ‘ಬಂದ್ರಾ?’ ಎಂದರೆ ‘ಬಂದೆ’ ಎನ್ನುವ ಕನ್ನಡಿಗರಿಗೆ ಇದು ಸಲೀಸು.

ಇನ್ನು ಬೀಳ್ಕೊಡುವ ಮಾತುಗಳು. ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು ‘ಹುಯ್ಲ್’ ಅಥವಾ ‘ಹುಯ್ಲ್ ವೌರ್’. ಇದಕ್ಕೂ ಕನ್ನಡದ ‘ಹುಯಿಲು’ ಎಬ್ಬಿಸುವುದಕ್ಕೂ ಸಂಬಂಧವಿಲ್ಲ. ಹುಯ್ಲ್ ಎಂದರೆ ಉಲ್ಲಾಸ, ಮನಸ್ಸಿನ ಲಹರಿ, ಹುರುಪು. ಪ್ರಾರ್ಥನಾ ಮಂದಿರದ ಬೋಧಕರ ದನಿ ಏರಿ ಆವೇಶ ಬಂದಾಗಲೂ ‘ಹುಯ್ಲ್ ಬಂತು’ ಎನ್ನುತ್ತಿದ್ದರು. ಹಡಗಿನ ಹಾಯಿ ಎಂಬ ಅರ್ಥವೂ ಈ ಪದಕ್ಕಿದೆ. ‘ಮೌರ್’ ಎಂದರೆ ದೊಡ್ಡದು, ಹುಯ್ಲ್ ಸ್ತ್ರೀಲಿಂಗವಾದ್ದರಿಂದ ಅದು ‘ವೌರ್’ ಆಗಿದೆ. ಹೊರಟವರಿಗೆ ‘ಹುರುಪು ದೊಡ್ಡದಿರಲಿ’ ಎಂಬ ಹಾರೈಕೆ ಇದರಲ್ಲಿದೆ.

ಸ್ವಲ್ಪ ಹಳೆಯದು ‘ದಾ ಬೋ ಖೀ’. ದಾ ಎಂದರೆ ಒಳ್ಳೆಯದು, ಬೋ ಎಂದರೆ ಆಗಲಿ, ಖೀ ಎಂದರೆ ನೀವು. ಇದನ್ನು ಕನ್ನಡಕ್ಕೆ ಅನುವಾದ ಮಾಡಬೇಕಾದ ಅಗತ್ಯವೇ ಇಲ್ಲ. ‘ಒಳ್ಳೆಯದಾಗಲಿ’ ಎಂಬ ಮಾತು ಇಲ್ಲಿ ತಲೆತಲಾಂತರದಿಂದ ಇದೆ. ಇಂಗ್ಲಿಷಿನ ‘ಗುಡ್ ಬೈ’ ಕೂಡ ‘ದೇವರು ನಿಮ್ಮ ಜೊತೆಗಿರಲಿ’ ಎಂಬ ಹಾರೈಕೆ ಸವೆದು ಆದದ್ದೇ, ಆದರೆ ಅಲ್ಲಿ ದೇವರು ಕಾಣದಷ್ಟು ಸವೆದಿದ್ದಾನೆ. ಮತ್ತೆ ಸಿಗುವ ಭರವಸೆ ಇದ್ದರೆ ‘ವೆಲಾ ಇ ದೀ’, ಅಂದರೆ ‘ನಿನ್ನನ್ನು ನೋಡುತ್ತೇನೆ’. ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕೆಂದು ಕಲಿಸುವ ಮನೆಗಳಲ್ಲಿ ಈ ಭಾವ ಸುಲಭವಾಗಿ ಅರ್ಥವಾಗುತ್ತದೆ.

ವರ್ಷದ ಮೊದಲ ದಿನದ ಹಾರೈಕೆ ‘ಬ್ಲುಯ್ಧಿನ್ ನೆವಿಧ್ ಧಾ’, ಹೊಸ ವರ್ಷ ಒಳ್ಳೆಯದಾಗಲಿ ಎಂದು. ‘ಹೊಸ’ ಎಂಬರ್ಥದ ‘ನೆವಿಧ್’ ಪದವೂ ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ನವ್ಯ’ವೂ ಒಂದೇ ಬೇರಿನಿಂದ ಬಂದವು. ‘ನೋಸ್ ದಾ’ದ ನೋಸ್, ಸಂಸ್ಕೃತದಲ್ಲಿ ರಾತ್ರಿ ಎಂಬರ್ಥದ ‘ನಕ್ತ’ದ ದಾಯಾದಿ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದೂ ಕೆಲ್ಟಿಕ್ ಭಾಷೆಗಳೂ ಅದೇ ಬಳಗದವಿರಬಹುದೆಂದೂ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಹೇಳಿದವರು ಸರ್ ವಿಲಿಯಂ ಜೋನ್ಸ್. ವೆಲ್ಶ್ ಕೆಲ್ಟಿಕ್ ಬಳಗದ ಭಾಷೆ. ಜೋನ್ಸ್ ಅವರ ತಂದೆ, ಗಣಿತಜ್ಞ ವಿಲಿಯಂ ಜೋನ್ಸ್, ವೇಲ್ಸ್‌ನ ಆಂಗಲ್ಸಿ ದ್ವೀಪದಲ್ಲಿ ಹುಟ್ಟಿದವರು ಎಂಬುದು ಗಮನಾರ್ಹ.

ಇಷ್ಟು ಹಳೆಯ, ಇಷ್ಟು ಸೊಗಸಾದ ಮಾತುಗಳಿದ್ದೂ ಜನ ‘ಹಲೋ’ ಎನ್ನಲು ಕಾರಣವೇನು? ಉತ್ತರ ಇತಿಹಾಸದಲ್ಲಿದೆ. ಎಂಟನೆಯ ಹೆನ್ರಿಯ ಕಾಲದಲ್ಲಿ, 1536ರಲ್ಲಿ ಬಂದ ಕಾಯ್ದೆ ವೇಲ್ಸನ್ನು ಇಂಗ್ಲೆಂಡಿನೊಂದಿಗೆ ವಿಲೀನ ಮಾಡಿತು. ನ್ಯಾಯಾಲಯಗಳ ಭಾಷೆ ಇಂಗ್ಲಿಷ್ ಆಯಿತು, ಇಂಗ್ಲಿಷ್ ಬಳಸದವರಿಗೆ ಸರ್ಕಾರಿ ಹುದ್ದೆ ಇಲ್ಲವೆಂದಾಯಿತು. ಭಾಷೆ ಆಗ ಅಳಿಯದೆ ಉಳಿಯಲು ಮುಖ್ಯ ಕಾರಣ 1588ರಲ್ಲಿ ವಿಲಿಯಂ ಮಾರ್ಗನ್ ಅವರು ಹೊರತಂದ ಬೈಬಲ್ ಅನುವಾದ. ಕಚೇರಿಯಲ್ಲಿ ಜಾಗ ಕಳೆದುಕೊಂಡ ವೆಲ್ಶ್ ದೇವರ ಮನೆಯಲ್ಲಿ ಆಶ್ರಯ ಪಡೆಯಿತು.

ನಿಜವಾದ ಪೆಟ್ಟು ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ವೇಲ್ಸ್‌ನ ಶಿಕ್ಷಣದ ಸ್ಥಿತಿಗತಿ ಪರಿಶೀಲಿಸಲು ಲಂಡನ್ನಿನ ಸರ್ಕಾರ ಮೂವರು ಆಯುಕ್ತರನ್ನು ಕಳಿಸಿತು. ಮೂವರಿಗೂ ವೆಲ್ಶ್ ಬಾರದು. 1847ರಲ್ಲಿ ನೀಲಿ ರಕ್ಷಾಪುಟಗಳಲ್ಲಿ ಬಂದ ಅವರ ವರದಿ ಆ ಜನರ ನಡತೆಯನ್ನೇ ಹಳಿದು, ಹಿಂದುಳಿಯಲು ಅವರ ಭಾಷೆಯೂ ಕಾರಣವೆಂದಿತು. ‘ನೀಲಿ ಪುಸ್ತಕಗಳ ದ್ರೋಹ’ ಎಂದು ವೇಲ್ಸ್‌ನವರು ಅದನ್ನು ಇಂದಿಗೂ ನೆನೆಯುತ್ತಾರೆ. ಅನೇಕ ಶಾಲೆಗಳಲ್ಲಿ ‘ವೆಲ್ಶ್ ನಾಟ್’ ಎಂಬ ಮರದ ತುಂಡಿತ್ತು. ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಅದನ್ನು ತೂಗಹಾಕುತ್ತಿದ್ದರು. ಮತ್ತೊಂದು ಮಗು ವೆಲ್ಶ್ ಆಡಿದ್ದು ಕಿವಿಗೆ ಬಿದ್ದರೆ ತುಂಡು ಅದರ ಕೊರಳಿಗೆ ಹೋಗುತ್ತಿತ್ತು. ಕೊನೆಗೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ಇದು ಸರ್ಕಾರದ ಆಜ್ಞೆಯೇನಲ್ಲ, ಮಕ್ಕಳು ಇಂಗ್ಲಿಷ್ ಕಲಿತು ಮುಂದೆ ಬರಲಿ ಎಂದು ಶಾಲೆಗಳೇ ಹಿಡಿದ ದಾರಿ. ಗೆಳೆಯನಿಗೆ ‘ಬೊರೆ ದಾ’ ಎಂದರೂ ಬೆತ್ತದೇಟು ಬೀಳಬಹುದಾದ ಶಾಲೆಯಲ್ಲಿ ಮಗು ಕಲಿಯುವ ಮೊದಲ ಪಾಠ, ಮನೆಮಾತನ್ನು ನಾಲಿಗೆಯ ತುದಿಯಲ್ಲೇ ತಡೆಹಿಡಿಯುವುದು. 1911ರ ಗಣತಿಯಲ್ಲಿ ವೆಲ್ಶ್ ಬಲ್ಲವರು ಸುಮಾರು 9.77 ಲಕ್ಷ, ಜನಸಂಖ್ಯೆಯ ಶೇಕಡಾ 43ಕ್ಕೂ ಹೆಚ್ಚು. 1981ರ ವೇಳೆಗೆ ಅದು ಸುಮಾರು 5 ಲಕ್ಷಕ್ಕೆ, ಶೇಕಡಾ 19ಕ್ಕೆ ಇಳಿಯಿತು.

ತಡೆಹಿಡಿದ ಮಾತನ್ನು ಮತ್ತೆ ಹೊರತರುವ ಹೋರಾಟ ಸಣ್ಣ ಸಂಗತಿಗಳಿಂದ ಶುರುವಾಯಿತು. ಲಾನೆಲಿ ಬಳಿಯ ಹಳ್ಳಿಯೊಂದರಲ್ಲಿ ಐಲೀನ್ ಮತ್ತು ಟ್ರೆವರ್ ಬೀಸ್ಲಿ ದಂಪತಿ 1952ರಲ್ಲಿ ತಮ್ಮ ಮನೆ ಕಂದಾಯದ ಚೀಟಿ ವೆಲ್ಶ್‌ನಲ್ಲಿ ಬರುವವರೆಗೆ ಕಟ್ಟುವುದಿಲ್ಲವೆಂದು ಹಟ ಹಿಡಿದರು. ಹಲವು ಬಾರಿ ನ್ಯಾಯಾಲಯಕ್ಕೆ ಅಲೆದರು. ಅಮೀನರು ಬಂದು ಮನೆಯ ಸಾಮಾನುಗಳನ್ನು ಜಪ್ತಿ ಮಾಡಿದರು. ಎಂಟು ವರ್ಷಗಳ ಬಳಿಕ, 1960ರಲ್ಲಿ, ಎರಡು ಭಾಷೆಗಳಲ್ಲಿ ಮುದ್ರಿಸಿದ ಚೀಟಿ ಅವರ ಕೈಸೇರಿತು. 1962ರ ಫೆಬ್ರುವರಿ 13ರಂದು ಬಿಬಿಸಿ ರೇಡಿಯೋದಲ್ಲಿ ಸಾಹಿತಿ ಸಾಂಡರ್ಸ್ ಲೂಯಿಸ್ ‘ಭಾಷೆಯ ಹಣೆಬರಹ’ ಎಂಬರ್ಥದ ಉಪನ್ಯಾಸದಲ್ಲಿ ಈ ದಂಪತಿಯನ್ನು ಮಾದರಿಯಾಗಿ ತೋರಿಸಿದರು. ಅದೇ ವರ್ಷ ವೆಲ್ಶ್ ಭಾಷಾ ಸಂಘ ಹುಟ್ಟಿತು. ಮುಂದಿನ ವರ್ಷ ಅಬರಿಸ್ಟ್‌ವಿತ್ ಪಟ್ಟಣದ ಸೇತುವೆಯ ಮೇಲೆ ಯುವಕ ಯುವತಿಯರು ಕುಳಿತು ಸಂಚಾರ ತಡೆದರು. 1967ರಲ್ಲಿ ಮೊದಲ ಭಾಷಾ ಕಾಯ್ದೆ, 1993ರಲ್ಲಿ ಎರಡನೆಯದು, 2011ರಲ್ಲಿ ವೇಲ್ಸ್‌ನದೇ ಶಾಸನಸಭೆಯಿಂದ ಅಧಿಕೃತ ಸ್ಥಾನಮಾನ.

ಈ ಕಾನೂನುಗಳ ಸಾಲಿನಲ್ಲಿ ಕುತೂಹಲ ಹುಟ್ಟಿಸುವುದು 2015ರ ಒಂದು ನಿಯಮ. ಅದರಡಿ ಬರುವ ಸ್ಥಳೀಯ ಸಂಸ್ಥೆಗಳೇ ಮೊದಲಾದ ಸರ್ಕಾರಿ ಕಚೇರಿಗಳ ಮುಖ್ಯ ದೂರವಾಣಿಗೆ ಯಾರಾದರೂ ಕರೆ ಮಾಡಿದರೆ ಮೊದಲ ನಮಸ್ಕಾರವನ್ನು ವೆಲ್ಶ್‌ನಲ್ಲೇ ಹೇಳಬೇಕು. ಕರೆ ಮಾಡಿದವರು ಇಂಗ್ಲಿಷಿನಲ್ಲಿ ಮುಂದುವರಿಸಲು ಅಡ್ಡಿಯಿಲ್ಲ. ‘ಬೊರೆ ದಾ’ ಎಂಬ ಎರಡು ಪದಗಳನ್ನು ಶಾಸನವಾಗಿಸಿದ್ದು ಹೊರಗಿನವರಿಗೆ ಹಾಸ್ಯವಾಗಿ ಕಾಣಬಹುದು. ಆದರೆ ಇದರ ಹಿಂದಿನ ತಿಳಿವಳಿಕೆ ಆಳವಾದದ್ದು. ‘ಇಲ್ಲಿ ವೆಲ್ಶ್ ಆಡಬಹುದು’ ಎಂಬ ಸೂಚನೆ ಮೊದಲ ಕ್ಷಣದಲ್ಲಿ ಸಿಗದಿದ್ದರೆ ಆ ಭಾಷೆಯವರು ತಾವಾಗಿ ಕೇಳುವುದಿಲ್ಲ. ಶತಮಾನಗಳ ಸಂಕೋಚ ಅದು. ವೆಲ್ಶ್ ಬಲ್ಲ ನೌಕರರು ಅಂಗಿಗೆ ಕಿತ್ತಳೆ ಬಣ್ಣದ ಬಿಲ್ಲೆ ಸಿಕ್ಕಿಸಿಕೊಳ್ಳುವುದೂ ಇದಕ್ಕಾಗಿಯೇ. ಒಂದು ಕಾಲದಲ್ಲಿ ಕೊರಳಿಗೆ ತೂಗಿದ ಮರದ ತುಂಡು ‘ಈ ಭಾಷೆ ಆಡಬೇಡ’ ಎಂದಿತ್ತು, ಈ ಬಿಲ್ಲೆ ‘ಆಡಿ’ ಎನ್ನುತ್ತದೆ.

ಜನರೂ ಒಂದು ದಾರಿ ಹುಡುಕಿಕೊಂಡಿದ್ದಾರೆ. 2013ರಿಂದ ಅಕ್ಟೋಬರ್ 15ನ್ನು ‘ಶುಮೈ ಸಿಮೈ’ ದಿನವಾಗಿ ಆಚರಿಸಲಾಗುತ್ತಿದೆ. ದಕ್ಷಿಣ, ಉತ್ತರಗಳ ಎರಡೂ ನಮಸ್ಕಾರಗಳು ಹೆಸರಿನಲ್ಲೇ ಇವೆ. ಆ ದಿನ ಎಲ್ಲರೂ ಮಾಡಬೇಕಾದ ಕೆಲಸ ಒಂದೇ: ಪ್ರತಿ ಮಾತುಕತೆಯನ್ನೂ ವೆಲ್ಶ್‌ನಲ್ಲಿ ಆರಂಭಿಸುವುದು. ಮುಂದೆ ಭಾಷೆ ಬದಲಾದರೆ ಆಗಲಿ.

ಇಲ್ಲಿಯೇ ಒಂದು ಕಷ್ಟದ ಪ್ರಶ್ನೆಯೂ ಇದೆ. ನಮಸ್ಕಾರದಿಂದ ಭಾಷೆ ಉಳಿದೀತೇ? ‘ಕ್ರೋಯ್ಸೋ’ ಎಂಬ ಪದ ಇಂದು ವೇಲ್ಸ್‌ನ ಅಂಗಡಿ, ಹೋಟೆಲುಗಳ ಬಾಗಿಲುಗಳಲ್ಲಿ ಧಾರಾಳವಾಗಿದೆ. ಒಳಗೆ ಹೋದರೆ ಅನೇಕ ಕಡೆ ಇಂಗ್ಲಿಷ್ ಬಿಟ್ಟು ಬೇರೆ ಮಾತಿಲ್ಲ. ವಾಯವ್ಯ ಭಾಗದ ಗ್ವಿನೆಧ್ ಸೀಮೆಯಲ್ಲಿ ಈಗಲೂ ಶೇಕಡಾ 64ರಷ್ಟು ಜನರಿಗೆ ವೆಲ್ಶ್ ಬರುತ್ತದೆ, ಆದರೆ ಒಟ್ಟು ನಾಡಿನ ಪ್ರಮಾಣ 2011ಕ್ಕೆ ಹೋಲಿಸಿದರೆ 2021ರಲ್ಲಿ ಇಳಿದಿದೆ. ಮಕ್ಕಳಲ್ಲೇ ಇಳಿಕೆ ಕಂಡದ್ದು ಹೆಚ್ಚಿನ ಚಿಂತೆ. 2050ರೊಳಗೆ 10 ಲಕ್ಷ ಜನ ವೆಲ್ಶ್ ಆಡುವಂತಾಗಬೇಕೆಂಬ ಗುರಿಯನ್ನು ಅಲ್ಲಿನ ಸರ್ಕಾರ 2017ರಲ್ಲಿ ಘೋಷಿಸಿದೆ. ಶಾಲೆ, ಉದ್ಯೋಗ, ಹಳ್ಳಿಗಳಲ್ಲಿ ಯುವಜನರಿಗೆ ಕೈಗೆಟಕುವ ಮನೆ, ಇವಿಲ್ಲದೆ ಬರಿಯ ‘ಬೊರೆ ದಾ’ದಿಂದ ಆ ಗುರಿ ಮುಟ್ಟಲಾಗದು. ಬಾಗಿಲಿನ ತೋರಣವನ್ನೇ ಮನೆ ಎಂದುಕೊಳ್ಳುವ ಅಪಾಯ ಅಲ್ಲಿಯೂ ಇದೆ.

ಹಾಗೆಂದು ತೋರಣವನ್ನು ಕಿತ್ತೆಸೆಯುವಂತೆಯೂ ಇಲ್ಲ. ವೆಲ್ಶ್ ಕಲಿಯುತ್ತಿರುವವರಿಗೆ ಅಂಗಡಿಯಾಕೆ ಹೇಳುವ ‘ಶುಮೈ’ ಮೊದಲ ಮೆಟ್ಟಿಲು. ಅವರು ತಡವರಿಸಿ ಉತ್ತರಿಸಿದಾಗ ಆಕೆ ತಟ್ಟನೆ ಇಂಗ್ಲಿಷಿಗೆ ಜಾರಿದರೆ ಮೆಟ್ಟಿಲು ಅಲ್ಲಿಗೇ ಮುರಿಯುತ್ತದೆ. ಆದ್ದರಿಂದ ಕೆಲಸ ಅರ್ಧ ಹೇಳುವವರದು, ಅರ್ಧ ಕಾಯುವವರದು.

ಬೆಂಗಳೂರಿನ ಅಂಗಡಿಗಳಲ್ಲಿ, ಆಸ್ಪತ್ರೆಗಳ ಸ್ವಾಗತ ಮೇಜಿನ ಮುಂದೆ, ಬ್ಯಾಂಕಿನ ದೂರವಾಣಿಯಲ್ಲಿ ಇಬ್ಬರು ಕನ್ನಡಿಗರು ಪರಸ್ಪರ ಕನ್ನಡಿಗರೆಂದು ತಿಳಿಯದೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ವ್ಯವಹಾರ ಮುಗಿಸಿ ಹೋಗುವುದು ಎಲ್ಲರೂ ಕಂಡದ್ದೇ. ಕನ್ನಡಿಗರ ಸಂಖ್ಯೆ ಕೋಟಿಗಳಲ್ಲಿದೆ, ವೆಲ್ಶ್‌ನ ಸ್ಥಿತಿಯೊಂದಿಗೆ ಕನ್ನಡವನ್ನು ತೂಗಲಾಗದು, ನಿಜ. ಆದರೆ ಮೊದಲ ಮಾತಿನ ನಿಯಮ ದೊಡ್ಡ ಭಾಷೆಗೂ ಸಣ್ಣ ಭಾಷೆಗೂ ಒಂದೇ. ಅದಕ್ಕೆ ಕಾನೂನು ಬೇಕಿಲ್ಲ, ಖರ್ಚೂ ಇಲ್ಲ. ‘ನಮಸ್ಕಾರ, ಏನು ಬೇಕಿತ್ತು?’ ಎಂದು ಕೇಳಿ, ಉತ್ತರ ಬರುವವರೆಗೆ ಒಂದು ಉಸಿರಿನಷ್ಟು ಹೊತ್ತು ಕಾದರೆ ಸಾಕು.

ಎಲ್ಲರಿಗೂ ದಾ ಬೋ ಖೀ, ಒಳ್ಳೆಯದಾಗಲಿ.